ಆಗುಂಬೆ ಘಾಟಿ ಹತ್ತಿದರೆ ಮಾತ್ರ ಹೊತ್ತಿಕೊಳ್ಳುವ ಇಂಜಿನ್ ದೀಪ

ಪ್ರಶ್ನೆ: ಸರ್, ನನ್ನದು 2016ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. 92,000 ಕಿ.ಮೀ. ಓಡಿದೆ. ಊರು ತೀರ್ಥಹಳ್ಳಿ. ತಿಂಗಳಿಗೆ ಎರಡು ಮೂರು ಸಲ ಉಡುಪಿಗೆ ಹೋಗಿ ಬರುತ್ತೇನೆ. ಐದು ತಿಂಗಳಿಂದ ಚೆಕ್ ಇಂಜಿನ್ ದೀಪದ ಕಾಟ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಪಿ0171 ಅಂದರು. ಮೊದಲು ಪ್ಲಗ್ ಬದಲಿಸಿದರು. ಆಮೇಲೆ ಥ್ರಾಟಲ್ ಬಾಡಿ, ಇಂಜೆಕ್ಟರ್ ಕ್ಲೀನಿಂಗ್. ಆಮೇಲೆ ಆಕ್ಸಿಜನ್ ಸೆನ್ಸರ್. ಪ್ರತಿ ಸಲ ದೀಪ ಹೋಗುತ್ತದೆ, ಎರಡು ಮೂರು ವಾರಕ್ಕೆ ಮತ್ತೆ ಬರುತ್ತದೆ, ಹೆಚ್ಚಾಗಿ ಉಡುಪಿಯಿಂದ ವಾಪಸ್ ಬರುವಾಗ. ಇದುವರೆಗೆ 19 ಸಾವಿರ ಖರ್ಚಾಗಿದೆ. ಈಗ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸೋಣ ಅನ್ನುತ್ತಿದ್ದಾರೆ. ಇನ್ನೊಬ್ಬ ಮೆಕ್ಯಾನಿಕ್, ಇದೆಲ್ಲ ಎಥನಾಲ್ ಪೆಟ್ರೋಲಿನ ಮಹಿಮೆ, ಏನೂ ಮಾಡಕ್ಕಾಗಲ್ಲ ಅಂದರು. ಓಡಿಸಲು ಅಂಥ ತೊಂದರೆ ಇಲ್ಲ. ಘಾಟಿಯಲ್ಲಿ ಪಿಕಪ್ ಸ್ವಲ್ಪ ಕಮ್ಮಿ ಅನ್ನಿಸುತ್ತದೆ, ಅಷ್ಟೇ. ಏನು ಮಾಡಲಿ?

ಉತ್ತರ: ಮೊದಲ ಕೆಲಸ, ಕನ್ವರ್ಟರ್‌ಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಕೊಡಬೇಡಿ. ಕೊಟ್ಟಿದ್ದರೆ ಫೋನ್ ಮಾಡಿ ನಿಲ್ಲಿಸಿ. ಕನ್ವರ್ಟರ್, ಅಂದರೆ ಹೊಗೆಯ ವಿಷ ಕಮ್ಮಿ ಮಾಡುವ ಡಬ್ಬಿ, ಕೆಲಸ ಮಾಡುತ್ತಿಲ್ಲ ಅಂತ ಕಾರು ಹೇಳುವುದಕ್ಕೆ ಬೇರೆಯದೇ ಕೋಡ್ ಇದೆ, ಪಿ0420. ಅದು ನಿಮ್ಮ ಕಾರಿನಲ್ಲಿ ಒಮ್ಮೆಯೂ ಬಂದ ಹಾಗಿಲ್ಲ. ಆ ಪಾರ್ಟಿನ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಹೊಸದರ ಬೆಲೆ ಕೇಳಿದರೆ ತಲೆ ತಿರುಗುವುದೂ, ಹಳೆಯದಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆ ಸಿಗುವುದೂ ಅದಕ್ಕೇ. ಮುಂದೆ ಯಾವತ್ತಾದರೂ ನಿಜವಾಗಿ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಕೇಳಿ ಮನೆಗೆ ತನ್ನಿ. ಅದು ನಿಮ್ಮ ಸೊತ್ತು.

ಈಗ ಪಿ0171 ಅಂದರೆ ಏನು ಅನ್ನುವುದಕ್ಕೆ ಬರೋಣ, ಯಾಕೆಂದರೆ ನಿಮ್ಮ 19 ಸಾವಿರ ಹೋಗಿದ್ದು ಇದನ್ನು ಯಾರೂ ಸರಿಯಾಗಿ ಓದದೇ ಇದ್ದದ್ದಕ್ಕೆ. ಅದು ಯಾವ ಪಾರ್ಟಿನ ಹೆಸರೂ ಅಲ್ಲ. ಇಂಜಿನ್‌ಗೆ ಬರುವ ಗಾಳಿಗೆ ಪೆಟ್ರೋಲ್ ಸಾಲುತ್ತಿಲ್ಲ, ಮಿಶ್ರಣ ತೆಳುವಾಗಿದೆ ಅಂತ ಅದರ ಅರ್ಥ, ಅಷ್ಟೇ. ಬರೀ ಪೆಟ್ರೋಲ್ ಆದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಈ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುವುದು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಕೆಲಸ. ಅದು ಹೇಗೆ ನೋಡಿಕೊಳ್ಳುತ್ತದೆ ಅಂದರೆ, ಸಾರು ಮಾಡುವವರು ರುಚಿ ನೋಡಿ ನೋಡಿ ಉಪ್ಪು ಹಾಕುತ್ತಾರಲ್ಲ, ಥೇಟ್ ಹಾಗೆ. ಸೈಲೆನ್ಸರ್ ಕಡೆ ಕೂತಿರುವ ಆಕ್ಸಿಜನ್ ಸೆನ್ಸರ್ ಅದರ ನಾಲಿಗೆ. ಸಪ್ಪೆ ಅನ್ನಿಸಿದರೆ ಆ ಕ್ಷಣಕ್ಕೆ ಒಂದು ಚಿಟಿಕೆ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಇದಕ್ಕೆ ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ ಅನ್ನುತ್ತಾರೆ. ದಿನಾ ಸಪ್ಪೆಯೇ ಆಗುತ್ತಿದ್ದರೆ, ಈ ಉಪ್ಪು ಇಷ್ಟೇ, ಮೊದಲೇ ಜಾಸ್ತಿ ಹಾಕಬೇಕು ಅಂತ ನೆನಪಿಟ್ಟುಕೊಳ್ಳುತ್ತದೆ. ಅದು ಲಾಂಗ್ ಟರ್ಮ್ ಟ್ರಿಮ್. ಎರಡೂ ಶೇಕಡಾ ಲೆಕ್ಕದಲ್ಲಿ ಕಾಣುತ್ತವೆ. ಆರೋಗ್ಯವಾಗಿರುವ ಇಂಜಿನ್‌ನಲ್ಲಿ ಎರಡೂ ಕೂಡಿಸಿ ಸೊನ್ನೆಯ ಆಚೆ ಈಚೆ ಹತ್ತರೊಳಗೆ ಇರಬೇಕು. ಕೂಡಿಸಿ ಇಪ್ಪತ್ತು, ಇಪ್ಪತ್ತೈದು ದಾಟಿದರೆ, ಇನ್ನು ಎಷ್ಟು ಹಾಕಿದರೂ ಸಪ್ಪೆಯೇ, ನನ್ನ ಕೈಲಿ ಆಗಲ್ಲ ಅಂತ ಇಸಿಯು ಕೈ ಚೆಲ್ಲಿ ದೀಪ ಹಚ್ಚುತ್ತದೆ. ಮಿತಿ ಎಷ್ಟು ಅನ್ನುವುದು ಕಾರಿಂದ ಕಾರಿಗೆ ಸ್ವಲ್ಪ ಬೇರೆ.

ಹಾಗಾದರೆ ನಿಮ್ಮ ಗ್ಯಾರೇಜಿನವರು ಮಾಡಿದ್ದೇನು? ಸಪ್ಪೆ ಅಂತ ಹೇಳಿದ ನಾಲಿಗೆಯನ್ನೇ ಕಿತ್ತು ಹೊಸದು ಹಾಕಿದರು. ಹೊಸ ನಾಲಿಗೆಯೂ ಸಪ್ಪೆ ಅಂತಲೇ ಹೇಳಿತು. ಸೆನ್ಸರ್ ಹಾಳಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಹಾಳಾಗಿದೆಯಾ ಅಂತ ನೋಡುವುದು ಹತ್ತು ನಿಮಿಷದ ಕೆಲಸ. ಕನ್ವರ್ಟರಿಗೂ ಮುಂಚೆ ಕೂತಿರುವ ಸೆನ್ಸರಿನ ವೋಲ್ಟೇಜು ಇಂಜಿನ್ ಬಿಸಿಯಾದ ಮೇಲೆ 0.1ರಿಂದ 0.9 ವೋಲ್ಟ್ ನಡುವೆ ಚಕಚಕ ಅಂತ ಮೇಲೆ ಕೆಳಗೆ ಓಡುತ್ತಿರಬೇಕು. ಓಡುತ್ತಿದ್ದರೆ ಸೆನ್ಸರ್ ಬದುಕಿದೆ. ಅದನ್ನು ನೋಡದೆ ಬದಲಿಸಿದ್ದಾರೆ ಅಂತ ನನ್ನ ಅನುಮಾನ. ನೋಡಿದ್ದರೆ ಮುಂದಿನ ಗುರಿ ಕನ್ವರ್ಟರ್ ಆಗುತ್ತಿರಲಿಲ್ಲ.

ಇನ್ನು ಎಲ್ಲರನ್ನೂ ದಾರಿ ತಪ್ಪಿಸಿರುವ ವಿಷಯ. ಪ್ರತಿ ಸಲ ರಿಪೇರಿ ಆದ ಮೇಲೆ ದೀಪ ಹೋಗುತ್ತದೆ, ಎರಡು ಮೂರು ವಾರ ಬರುವುದಿಲ್ಲ. ಅದನ್ನು ನೋಡಿ ನಿಮಗೂ ಗ್ಯಾರೇಜಿನವರಿಗೂ, ಆ ಪಾರ್ಟಿನಿಂದ ಸ್ವಲ್ಪ ಗುಣ ಕಂಡಿದೆ ಅನ್ನಿಸಿರುತ್ತದೆ. ಹಾಗೇನೂ ಆಗಿಲ್ಲ. ದೀಪ ಹೋಗಿದ್ದು ಸ್ಕ್ಯಾನರಿನಲ್ಲಿ ಕ್ಲಿಯರ್ ಒತ್ತಿದ್ದಕ್ಕೆ. ಏನನ್ನೂ ಬದಲಿಸದೆ ಬರೀ ಕ್ಲಿಯರ್ ಒತ್ತಿದ್ದರೂ ಅಷ್ಟೇ ದಿನ ಹೋಗಿರುತ್ತಿತ್ತು. ಕ್ಲಿಯರ್ ಮಾಡಿದಾಗ ಕೋಡ್ ಒಂದೇ ಅಲ್ಲ, ಇಸಿಯು ಅಷ್ಟು ದಿನ ಕಲಿತ ಟ್ರಿಮ್ ಕೂಡ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ಅದು ಮತ್ತೆ ಮೊದಲಿಂದ ಕಲಿಯಬೇಕು. ಜೊತೆಗೆ ಈ ಥರದ ತಪ್ಪು ಒಂದು ಸಲ ಕಂಡ ತಕ್ಷಣ ದೀಪ ಹೊತ್ತುವುದಿಲ್ಲ. ಒಂದು ಓಡಾಟದಲ್ಲಿ ಕಂಡರೆ ಮನಸ್ಸಲ್ಲಿ ಬರೆದಿಟ್ಟುಕೊಳ್ಳುತ್ತದೆ, ಪೆಂಡಿಂಗ್ ಕೋಡ್ ಅನ್ನುವುದು ಇದನ್ನೇ. ಇನ್ನೊಂದು ಓಡಾಟದಲ್ಲೂ ಕಂಡರೆ ಆಗ ದೀಪ. ಇಂಧನ ಮತ್ತು ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹೋಗುವುದು) ತಪ್ಪುಗಳಲ್ಲಂತೂ ಬಹಳಷ್ಟು ಕಾರುಗಳು, ಮೊದಲ ಸಲ ತಪ್ಪು ಕಂಡಾಗ ಇಂಜಿನ್ ಮೇಲೆ ಎಷ್ಟು ಭಾರ ಇತ್ತು, ಎಷ್ಟು ಆರ್‌ಪಿಎಂ ಇತ್ತು, ಅದೇ ಪರಿಸ್ಥಿತಿ ಮತ್ತೆ ಬರುವವರೆಗೂ ಕಾಯುತ್ತವೆ. ನಡುವೆ ಊರೊಳಗೆ ಎಷ್ಟು ಸುತ್ತಿದರೂ ಅದು ಲೆಕ್ಕಕ್ಕಿಲ್ಲ.

ಈಗ ನಿಮ್ಮ ತಿಂಗಳ ಲೆಕ್ಕ ಇದಕ್ಕೆ ಜೋಡಿಸಿ. ಉಡುಪಿಗೆ ಹೋಗುವಾಗ ಘಾಟಿ ಇಳಿಯುತ್ತೀರಿ, ಇಂಜಿನ್‌ಗೆ ಕೆಲಸವೇ ಇಲ್ಲ. ಬರುವಾಗ ಹೆಬ್ರಿ ದಾಟಿ ಸೋಮೇಶ್ವರದಿಂದ ಆ ಹದಿನಾಲ್ಕು ತಿರುವು ಹತ್ತುತ್ತೀರಿ, ಎರಡನೇ ಗೇರು, ಎಕ್ಸಲೇಟರ್ ಅರ್ಧಕ್ಕಿಂತ ಜಾಸ್ತಿ ಒತ್ತಿ. ಆಗ ತಪ್ಪು ಕಾಣುತ್ತದೆ, ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಉಡುಪಿ ಓಡಾಟ ಹತ್ತು ದಿನ ಬಿಟ್ಟು. ಆಗ ಮತ್ತೆ ಅದೇ ತಿರುವುಗಳಲ್ಲಿ ಎರಡನೇ ಸಲ, ದೀಪ. ನಿಮ್ಮ ಎರಡು ಮೂರು ವಾರ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ? ಗ್ಯಾರೇಜಿನವರು ತೀರ್ಥಹಳ್ಳಿ ಪೇಟೆಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿ, ದೀಪ ಇಲ್ಲ, ಸರಿಹೋಗಿದೆ ಅಂತ ಕೀ ಕೊಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಟೆಸ್ಟ್ ಡ್ರೈವಿನಲ್ಲಿ ಘಾಟಿ ಇರಲಿಲ್ಲ, ಅಷ್ಟೇ.

ಹಾಗಾಗಿ ನಿಮಗೆ ನನ್ನ ಮೊದಲ ಷರತ್ತು: ಇನ್ನು ಮುಂದೆ ಸ್ಕ್ಯಾನರ್ ಪರದೆಯ ಫೋಟೋ ತೆಗೆಯದೆ ಯಾರಿಗೂ ಕೋಡ್ ಕ್ಲಿಯರ್ ಮಾಡಲು ಬಿಡಬೇಡಿ. ಬ್ಯಾಟರಿ ಟರ್ಮಿನಲ್ ಬಿಚ್ಚಲೂ ಬಿಡಬೇಡಿ, ಅದೂ ಎಷ್ಟೋ ಕಾರುಗಳಲ್ಲಿ ಅದೇ ಕೆಲಸ ಮಾಡುತ್ತದೆ. ಯಾಕೆಂದರೆ ಕೋಡ್ ಬಿದ್ದ ಕ್ಷಣದಲ್ಲಿ ಇಂಜಿನ್ ಯಾವ ಸ್ಥಿತಿಯಲ್ಲಿತ್ತು ಅನ್ನುವುದನ್ನು ಇಸಿಯು ಒಂದು ಫೋಟೋ ತೆಗೆದ ಹಾಗೆ ಇಟ್ಟುಕೊಂಡಿರುತ್ತದೆ. ಅದರ ಹೆಸರು ಫ್ರೀಜ್ ಫ್ರೇಮ್. ಆರ್‌ಪಿಎಂ, ವೇಗ, ಇಂಜಿನ್ ಲೋಡ್, ಕೂಲೆಂಟ್ ಬಿಸಿ, ಆಗಿನ ಟ್ರಿಮ್, ಎಲ್ಲ ಅದರಲ್ಲಿ ಸಿಗುತ್ತದೆ. ನಿಮ್ಮ ಕಾರಿನಲ್ಲಿ ಈ ಐದು ತಿಂಗಳಲ್ಲಿ ಕನಿಷ್ಠ ಮೂರು ಸಲ ಆ ದಾಖಲೆ ಇತ್ತು, ಮೂರು ಸಲವೂ ಅಳಿಸಿ ಹಾಕಿದ್ದಾರೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕೇಸು ಆ ಒಂದು ಪುಟದಲ್ಲೇ ಬಗೆಹರಿಯುತ್ತದೆ.

ಅದನ್ನು ಓದಲು ಗ್ಯಾರೇಜೇ ಬೇಕು ಅಂತಿಲ್ಲ. ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಓಬಿಡಿ-2, ಅಂದರೆ ಕಾರು ತನ್ನ ತಪ್ಪನ್ನು ತಾನೇ ಪತ್ತೆ ಹಚ್ಚಿ ಕೋಡಿನಲ್ಲಿ ಹೇಳುವ ವ್ಯವಸ್ಥೆ ಬಂದಿದೆ, ನಿಮ್ಮದು 2016ರದ್ದು, ಖಂಡಿತ ಇದೆ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಇಎಲ್‌ಎಂ327 ಅನ್ನುವ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಿನಲ್ಲಿ ಸಾವಿರದೊಳಗೆ ಸಿಗುತ್ತದೆ. ಫೋನಿಗೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಂಡರೆ ಮುಗಿಯಿತು. ನೀವು ಈಗಾಗಲೇ ಕಳೆದುಕೊಂಡ ದುಡ್ಡಿನ ಮುಂದೆ ಇದು ಏನೂ ಅಲ್ಲ. ಒಂದೇ ಎಚ್ಚರಿಕೆ, ಕೆಲಸ ಆದ ಮೇಲೆ ಅದನ್ನು ಕಿತ್ತಿಡಿ. ಕೀ ತೆಗೆದರೂ ಆ ಸಾಕೆಟ್ಟಿಗೆ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ.

ಈಗ ಮೂರು ಜಾಗದಲ್ಲಿ ಟ್ರಿಮ್ ನೋಡಬೇಕು. ಇಂಜಿನ್ ಪೂರ್ತಿ ಬಿಸಿಯಾಗಿರಲಿ, ಎಸಿ ಆಫ್ ಇರಲಿ. ಮೊದಲನೆಯದು ಐಡ್ಲಿಂಗ್‌ನಲ್ಲಿ. ಎರಡನೆಯದು ನಿಂತ ಜಾಗದಲ್ಲೇ ಎಕ್ಸಲೇಟರ್ ಹಿಡಿದು 2,500 ಆರ್‌ಪಿಎಂನಲ್ಲಿ ಒಂದು ನಿಮಿಷ. ಮೂರನೆಯದು ಘಾಟಿ ಹತ್ತುವಾಗ. ದಯವಿಟ್ಟು ಘಾಟಿಯಲ್ಲಿ ನೀವು ಫೋನ್ ನೋಡಬೇಡಿ. ಪಕ್ಕದಲ್ಲಿ ಯಾರಾದರೂ ಕೂತು ಬರೆದುಕೊಳ್ಳಲಿ, ಅಥವಾ ಆ್ಯಪ್‌ನಲ್ಲಿ ರೆಕಾರ್ಡ್ ಒತ್ತಿ ಮನೆಗೆ ಬಂದು ನೋಡಿ. ಎಕ್ಸಲೇಟರ್ ಪೂರ್ತಿ ಅದುಮಿದ ಕ್ಷಣಗಳನ್ನು ಬಿಟ್ಟುಬಿಡಿ. ಆಗ ಇಸಿಯು ನಾಲಿಗೆಯ ಮಾತು ಕೇಳುವುದಿಲ್ಲ, ಓಪನ್ ಲೂಪ್‌ಗೆ ಹೋಗುತ್ತದೆ. ಕ್ಲೋಸ್ಡ್ ಲೂಪ್, ಅಂದರೆ ನಾಲಿಗೆಯ ಮಾತು ಕೇಳುತ್ತಿದೆ, ಅಂತ ತೋರಿಸುವಾಗಿನ ಅಂಕಿ ಮಾತ್ರ ನಂಬಿ.

ಸಾಮಾನ್ಯವಾಗಿ ಎಲ್ಲರೂ ಹೇಳುವ ಸೂತ್ರ ಹೀಗಿದೆ: ಐಡ್ಲಿಂಗ್‌ನಲ್ಲಿ ಟ್ರಿಮ್ ಜಾಸ್ತಿ, ರೇಸ್ ಕೊಟ್ಟರೆ ಕಡಿಮೆ ಆಗುತ್ತದೆ ಅಂದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆ, ವ್ಯಾಕ್ಯೂಮ್ ಪೈಪ್ ಬಿರುಕು, ಗ್ಯಾಸ್ಕೆಟ್ ಸೋರಿಕೆ. ಐಡ್ಲಿಂಗ್‌ನಲ್ಲಿ ಸರಿ ಇದ್ದು ಭಾರ ಬಿದ್ದಾಗ ಮಾತ್ರ ಜಾಸ್ತಿ ಆಗುತ್ತದೆ ಅಂದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಸೂತ್ರ ಸರಿ. ಆದರೆ ಇದರಲ್ಲಿ ಒಂದು ಸೂಕ್ಷ್ಮ ಇದೆ, ಇಂಟರ್ನೆಟ್ಟಿನಲ್ಲಿ ಓದಿದ ಮೆಕ್ಯಾನಿಕ್‌ಗಳೂ ಇಲ್ಲಿ ಎಡವುತ್ತಾರೆ. ಮೊದಲ ಅರ್ಧ ಹೇಳುವುದು ಮುಖ್ಯವಾಗಿ ಎಂಎಎಫ್ ಸೆನ್ಸರ್ ಇರುವ ಕಾರುಗಳಿಗೆ, ಅಂದರೆ ಏರ್ ಫಿಲ್ಟರ್ ಡಬ್ಬಿ ದಾಟಿದ ಪೈಪಿನಲ್ಲೇ ಗಾಳಿಯನ್ನು ಅಳೆಯುವಂಥವು. ಅಲ್ಲಿ ಅಳತೆ ಆದ ಮೇಲೆ ನುಗ್ಗಿದ ಗಾಳಿ ಲೆಕ್ಕಕ್ಕೇ ಬರುವುದಿಲ್ಲ, ಮಿಶ್ರಣ ತೆಳುವಾಗುತ್ತದೆ. ನಮ್ಮಲ್ಲಿ ಓಡುವ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಎಂಎಎಫ್ ಇಲ್ಲ, ಮ್ಯಾಪ್ ಸೆನ್ಸರ್ ಇದೆ. ಅದು ಇಂಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಅಳೆದು ಗಾಳಿಯನ್ನು ಲೆಕ್ಕ ಹಾಕುತ್ತದೆ. ಅಲ್ಲಿ ಎಲ್ಲಿಂದ ಗಾಳಿ ನುಗ್ಗಿದರೂ ಒತ್ತಡ ಏರುತ್ತದೆ, ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ, ಐಡ್ಲಿಂಗ್ ಸ್ವಲ್ಪ ಏರುತ್ತದೆ. ಲೀನ್ ಕೋಡ್, ಅಂದರೆ ತೆಳು ಮಿಶ್ರಣದ ಕೋಡ್ ಬರುವುದು ಅಪರೂಪ. ನಿಮ್ಮದು ಮ್ಯಾಪ್ ಕಾರಾಗಿದ್ದರೆ ಪೈಪ್ ಸೋರಿಕೆ ಹುಡುಕುತ್ತಾ ದಿನ ಕಳೆಯುವ ಮೊದಲು ಇದನ್ನು ನೆನಪಿಡಿ. ಬಾನೆಟ್ ಎತ್ತಿ ನೋಡಿ, ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಹೋಗುವ ದಪ್ಪ ಪೈಪಿನ ಆರಂಭದಲ್ಲಿ ವೈರ್ ಇರುವ ಸೆನ್ಸರ್ ಇಲ್ಲದೆ, ಮ್ಯಾನಿಫೋಲ್ಡ್ ಮೇಲೇ ಬೆರಳುದ್ದದ ಸಣ್ಣ ಸೆನ್ಸರ್ ಕೂತಿದ್ದರೆ ಅದು ಮ್ಯಾಪ್.

ಮ್ಯಾಪ್ ಸೆನ್ಸರೇ ಸುಳ್ಳು ಹೇಳುತ್ತಿದ್ದರೆ? ಅದನ್ನು ಪರೀಕ್ಷೆ ಮಾಡಲು ನಿಮಗೆ ಸಿಕ್ಕಿರುವ ಸೌಕರ್ಯ ಬೆಂಗಳೂರಿನವರಿಗೂ ಇಲ್ಲ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದಾಗ ಅದು ತೋರಿಸಬೇಕಾದ್ದು ಹೊರಗಿನ ವಾತಾವರಣದ ಒತ್ತಡ. ಉಡುಪಿಯಲ್ಲಿ ಸಮುದ್ರ ಮಟ್ಟ, 100ರಿಂದ 101 ಕಿಲೋಪ್ಯಾಸ್ಕಲ್ ತೋರಿಸಬೇಕು. ತೀರ್ಥಹಳ್ಳಿ ಸುಮಾರು 600 ಮೀಟರ್ ಎತ್ತರ, ಅಲ್ಲಿ 94, 95 ಬರಬೇಕು. ಎರಡೂ ಕಡೆ ನೋಡಿ ಬರೆದುಕೊಳ್ಳಿ. ಉಡುಪಿಯಲ್ಲೂ 90 ತೋರಿಸಿದರೆ ಸೆನ್ಸರ್ ಗಾಳಿಯನ್ನು ಕಡಿಮೆ ಲೆಕ್ಕ ಹಾಕುತ್ತಿದೆ, ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ. ಅಂಕಿ ಸರಿಯಾಗಿದ್ದರೆ ಅದರ ಮೇಲಿನ ಅನುಮಾನ ಬಹುಪಾಲು ಹೋಯಿತು.

ನನ್ನ ಅಂದಾಜು ಹೇಳಿಬಿಡುತ್ತೇನೆ. ಘಾಟಿಯಲ್ಲಿ ಮಾತ್ರ, ಪಿಕಪ್ ಕಮ್ಮಿ, ಪೇಟೆಯಲ್ಲಿ ಏನೂ ಇಲ್ಲ. ಈ ಮೂರು ಮಾತು ಸೇರಿದರೆ ಪೆಟ್ರೋಲ್ ಸರಬರಾಜಿನ ಕಡೆ ಬೆರಳು ತೋರಿಸುತ್ತದೆ. ಐಡ್ಲಿಂಗ್‌ನಲ್ಲಿ ಟ್ರಿಮ್ ನಾಲ್ಕೈದು ಇದ್ದು ಘಾಟಿಯಲ್ಲಿ ಇಪ್ಪತ್ತು ದಾಟಿದರೆ ನಾನು ಹಿಂದಿನ ಸೀಟು ಎತ್ತಿಸುತ್ತೇನೆ. ಈ ಬಗೆಯ ಎಷ್ಟೋ ಕಾರುಗಳಲ್ಲಿ ಅದರ ಕೆಳಗೇ ಪೆಟ್ರೋಲ್ ಪಂಪಿನ ಮುಚ್ಚಳ ಇರುತ್ತದೆ.

ಆದರೆ ಪಂಪ್ ಬದಲಿಸಿ ಅಂತ ಹೇಳುತ್ತಿಲ್ಲ. ಹಾಗೆ ಹೇಳಿದರೆ ನಿಮ್ಮ ಗ್ಯಾರೇಜಿಗೂ ನನಗೂ ಏನು ವ್ಯತ್ಯಾಸ? ಪಂಪಿಗೆ ಮುಂಚೆ ದುಡ್ಡು ಖರ್ಚಿಲ್ಲದ ಎರಡು ಮೂರು ಕೆಲಸ ಇವೆ.

ಒಂದು, ಟ್ಯಾಂಕ್ ಎಷ್ಟು ತುಂಬಿಸಿ ಓಡಿಸುತ್ತೀರಿ? ಐನೂರಕ್ಕೆ ಹಾಕಿ, ಅಂತ ಬಂಕಿನಲ್ಲಿ ಹೇಳಿ, ಸದಾ ಕಡೇ ಗೀಟಿನ ಹತ್ತಿರ ಓಡಿಸುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ಪಂಪ್ ಇರುವುದು ಟ್ಯಾಂಕಿನ ಒಳಗೆ. ಅದನ್ನು ತಣ್ಣಗಿಡುವುದೂ ಅದೇ ಪೆಟ್ರೋಲ್. ವರ್ಷಗಟ್ಟಲೆ ಕಡಿಮೆ ಪೆಟ್ರೋಲಿನಲ್ಲಿ ಓಡಿದ ಪಂಪು ಬೇಗ ಸುಸ್ತಾಗುತ್ತದೆ. ಇನ್ನೊಂದು, ಕಡಿದಾದ ಏರಿನಲ್ಲಿ ಉಳಿದಷ್ಟು ಪೆಟ್ರೋಲ್ ಒಂದು ಕಡೆ ಸರಿದು ಪಂಪಿನ ಬಾಯಿಗೆ ಸರಿಯಾಗಿ ಸಿಗದೆ ಹೋಗಬಹುದು. ಮುಂದಿನ ಸಲ ಉಡುಪಿಯಿಂದ ಹೊರಡುವಾಗ ಮುಕ್ಕಾಲು ಟ್ಯಾಂಕಾದರೂ ತುಂಬಿಸಿ ಘಾಟಿ ಹತ್ತಿ, ಟ್ರಿಮ್ ರೆಕಾರ್ಡ್ ಮಾಡಿ. ಹಿಂದಿನದಕ್ಕಿಂತ ಎದ್ದು ಕಾಣುವಷ್ಟು ಇಳಿದರೆ ಅದೇ ದೊಡ್ಡ ಸುಳಿವು.

ಎರಡು, ಕರೆಂಟು. ಪಂಪ್ ಚೆನ್ನಾಗಿದ್ದು ಅದಕ್ಕೆ ಬರುವ ವೋಲ್ಟೇಜ್ ಕಡಿಮೆ ಇದ್ದರೂ ಲಕ್ಷಣ ಎಲ್ಲ ಒಂದೇ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.5ರಿಂದ 14.4 ವೋಲ್ಟ್ ಇರುತ್ತದೆ. ಪಂಪಿನ ಕಪ್ಲರ್, ಅಂದರೆ ವೈರು ಜೋಡಿಸುವ ಪ್ಲಗ್ಗು, ಬಿಚ್ಚದೆ, ಅದರ ಹಿಂಬದಿಯಿಂದ ಮೀಟರಿನ ಕಡ್ಡಿ ತೂರಿಸಿ ನೋಡಿದರೆ ಅಲ್ಲೂ ಅದರ ಹತ್ತಿರದ ಅಂಕಿಯೇ ಬರಬೇಕು. ಅರ್ಧ ವೋಲ್ಟ್ ಕಡಿಮೆ ಬಂದರೆ ಸಹಿಸಬಹುದು. ಒಂದೂವರೆ ಎರಡು ವೋಲ್ಟ್ ಕಳೆದುಹೋಗುತ್ತಿದ್ದರೆ ರಿಲೇ, ಕಪ್ಲರ್, ವೈರು ಇಲ್ಲಾ ಅರ್ತ್‌ನಲ್ಲಿ ತೊಂದರೆ ಇದೆ. ಕಪ್ಲರ್ ಬಿಚ್ಚಿ ನೋಡಿದರೆ ಪ್ರಯೋಜನ ಇಲ್ಲ. ಭಾರ ಇಲ್ಲದಾಗ ಕೊಳೆತ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವರ್ಷಗಳ ಹಿಂದೆ ಇಂಥದೇ ಒಂದು ಕೇಸಿನಲ್ಲಿ, ಏರಿನಲ್ಲಿ ಎಳೆಯುವುದಿಲ್ಲ, ಅದೇ ಕೋಡು, ನಾನು ಬಹಳ ವಿಶ್ವಾಸದಿಂದ ಹೊಸ ಪಂಪ್ ಹಾಕಿಸಿದೆ. ಹದಿನೈದು ದಿನಕ್ಕೆ ಕಾರು ವಾಪಸ್ ಬಂತು. ಆಮೇಲೆ ಮೀಟರ್ ಹಿಡಿದು ನೋಡಿದರೆ ಬಾಡಿಗೆ ಬೋಲ್ಟ್ ಮಾಡಿದ್ದ ಅರ್ತ್ ವೈರಿನ ತುದಿ ತುಕ್ಕು ಹಿಡಿದು ಹಸಿರಾಗಿತ್ತು. ಉಜ್ಜಿ ಬಿಗಿ ಮಾಡಿದ್ದಕ್ಕೆ ಹಳೇ ಪಂಪಿನಲ್ಲೇ ಓಡುತ್ತಿತ್ತು. ಪಂಪಿನ ದುಡ್ಡು ನಾನೇ ಹಾಕಿಕೊಂಡೆ. ಆವತ್ತಿನಿಂದ ಮೀಟರ್ ಇಲ್ಲದೆ ಪಂಪಿನ ಮಾತಾಡುವುದಿಲ್ಲ.

ನಿಮ್ಮ ಕಡೆ ಇನ್ನೊಂದು ಶತ್ರು ಇಲಿ. ಅಡಿಕೆ ಶೆಡ್ಡಿನಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಕಾರು ನಿಲ್ಲಿಸುತ್ತಿದ್ದರೆ ಬಾನೆಟ್ ಒಳಗೆ, ಕಾರಿನ ಕೆಳಗೆ ವೈರುಗಳನ್ನು ಟಾರ್ಚ್ ಹಾಕಿ ನೋಡಿ. ಪೂರ್ತಿ ತುಂಡಾದ ವೈರು ಸುಲಭವಾಗಿ ಸಿಕ್ಕಿಬೀಳುತ್ತದೆ. ಅರ್ಧ ಕಡಿದು ನಾಲ್ಕು ಎಳೆ ಉಳಿಸಿದ್ದು ತುಂಬಾ ಕಾಡುತ್ತದೆ, ಒಣಗಿದಾಗ ಸರಿ, ಮಳೆಗೆ ತಪ್ಪು. ವಾಟರ್ ಸರ್ವೀಸಿನವರು ಇಂಜಿನ್ ಮೇಲೇ ಪ್ರೆಶರ್ ಹೊಡೆದು ಕಪ್ಲರ್ ಒಳಗೆ ನೀರು ಸೇರಿಸುವುದೂ ಇದೇ ಜಾತಿಯ ಕಾಯಿಲೆ.

ಇದೆಲ್ಲ ಸರಿ ಇದ್ದರೆ ಆಗ ಪ್ರೆಶರ್ ಗೇಜ್ ಹಾಕಿಸಿ. ಈ ಥರದ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರಬೇಕು, ನಿಮ್ಮ ಮಾದರಿಯ ಸರಿಯಾದ ಅಂಕಿ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ನಿಂತಲ್ಲಿ ಸರಿ ಇದ್ದು ಭಾರ ಬಿದ್ದಾಗ ಕುಸಿಯುತ್ತಿದೆ ಅಂದರೆ ಪಂಪ್ ಸುಸ್ತಾಗಿದೆ, ಇಲ್ಲವೇ ಅದರ ಬಾಯಿಗೆ ಇರುವ ಸ್ಟ್ರೇನರ್, ಅಂದರೆ ಜಾಲರಿ ಚೀಲ, ಕೊಳೆ ಕಟ್ಟಿಕೊಂಡಿದೆ, ಅಥವಾ ಫಿಲ್ಟರ್ ಮುಚ್ಚಿಕೊಂಡಿದೆ. ಇತ್ತೀಚಿನ ಬಹಳ ಕಾರುಗಳಲ್ಲಿ ಫಿಲ್ಟರ್ ಪಂಪಿನ ಜೊತೆಗೇ ಟ್ಯಾಂಕಿನ ಒಳಗಿರುತ್ತದೆ, ಸರ್ವೀಸಿನಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. 92,000 ಕಿಲೋಮೀಟರ್ ಅಂದರೆ ಅದಕ್ಕೆ ವಯಸ್ಸಾಗಿದೆ. ಈ ಕೆಲಸ ಮಾತ್ರ ನೀವು ಮನೆಯಲ್ಲಿ ಮಾಡಲು ಹೋಗಬೇಡಿ. ಒತ್ತಡದಲ್ಲಿರುವ ಪೆಟ್ರೋಲ್ ಲೈನ್ ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ.

ಅಂಕಿ ಉಲ್ಟಾ ಬಂದರೆ, ಅಂದರೆ ಐಡ್ಲಿಂಗ್‌ನಲ್ಲೇ ಟ್ರಿಮ್ ಜಾಸ್ತಿ ಇದ್ದು ಮ್ಯಾಪ್ ಸರಿಯಾಗಿದ್ದರೆ, ಆ ಮೊದಲ ಆಕ್ಸಿಜನ್ ಸೆನ್ಸರಿಗೂ ಮುಂಚೆ ಸೈಲೆನ್ಸರ್ ಕಡೆ ಸೋರಿಕೆ ಇದೆಯಾ ನೋಡಿಸಿ. ಅಲ್ಲಿ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆಳೆದುಕೊಂಡು, ಮಿಶ್ರಣ ಸರಿ ಇದ್ದರೂ ಸೆನ್ಸರ್ ಸಪ್ಪೆ ಅನ್ನುತ್ತದೆ. ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ ಕೇಳಿ, ಬಿಸಿಯಾದ ಮೇಲೆ ಕಮ್ಮಿಯಾಗುತ್ತಿದ್ದರೆ ಅದೇ. ಹೊಸ ಸೆನ್ಸರ್ ಸರಿಯಾಗಿ ಬಿಗಿಯಾಗದೆ ಇದ್ದರೂ ಹೀಗಾಗುತ್ತದೆ. ಇಂಜೆಕ್ಟರ್ ಕ್ಲೀನಿಂಗ್ ಅಂತ ಬಿಲ್ ಹಾಕಿದ್ದಾರಲ್ಲ, ಅದು ಬಿಚ್ಚಿ ಮೆಷಿನ್‌ನಲ್ಲಿಟ್ಟು ನಾಲ್ಕೂ ಎಷ್ಟೆಷ್ಟು ಸುರಿಯುತ್ತವೆ ಅಂತ ಅಳೆದದ್ದಾ, ಅಥವಾ ಟ್ಯಾಂಕಿಗೆ ಒಂದು ಬಾಟಲಿ ಸುರಿದದ್ದಾ, ಅದನ್ನೂ ಕೇಳಿ. ಎರಡಕ್ಕೂ ಬಿಲ್ಲಿನಲ್ಲಿ ಒಂದೇ ಹೆಸರು.

ಎಥನಾಲ್ ವಿಷಯ. ಆ ಮೆಕ್ಯಾನಿಕ್ ಹೇಳಿದ್ದರಲ್ಲಿ ಕಾಲು ಭಾಗ ನಿಜ ಇದೆ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಒಂದು ಪಾಲಿಗೆ 9 ಪಾಲು. ಹಾಗಾಗಿ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಆ 14.7ರ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿಗೆ ಇಸಿಯು ಜಾಸ್ತಿ ಪೆಟ್ರೋಲ್ ಬಿಡಬೇಕು. ಬರೀ ಪೆಟ್ರೋಲಿಗೆ ಹೋಲಿಸಿದರೆ ಎಂಟೊಂಬತ್ತು ಶೇಕಡಾ, ಇ10ಕ್ಕೆ ಹೋಲಿಸಿದರೆ ನಾಲ್ಕೈದು. 2025ರ ಹೊತ್ತಿಗೆ ದೇಶದಲ್ಲಿ ಎಥನಾಲ್ ಬೆರಕೆ ಶೇಕಡಾ 20ಕ್ಕೆ ಮುಟ್ಟಿತು, ನಿಮ್ಮದು ಅದಕ್ಕೂ ಎಷ್ಟೋ ವರ್ಷ ಮುಂಚಿನ ಕಾರು. ಟ್ರಿಮ್ ಒಂದಷ್ಟು ಏರಿರುವುದು ಸಹಜ. ಆದರೆ ಇಷ್ಟರಿಂದಲೇ 20, 25 ದಾಟುವುದಿಲ್ಲ. ದಾಟುವುದಾದರೆ ನಿಮ್ಮದೇ ಬಂಕಿನಲ್ಲಿ ಹಾಕಿಸುವ ಊರಿನ ಹಳೇ ಕಾರುಗಳಿಗೆಲ್ಲ ದೀಪ ಹೊತ್ತಬೇಕಿತ್ತಲ್ಲ? ಮತ್ತೆ ಎಥನಾಲ್‌ಗೆ ಘಾಟಿ ಯಾವುದು, ಪೇಟೆ ಯಾವುದು ಅಂತ ಗೊತ್ತಾಗುವುದಿಲ್ಲ, ಅದು ಎಲ್ಲ ಕಡೆ ಒಂದೇ ಸಮ ಟ್ರಿಮ್ ಏರಿಸುತ್ತದೆ. ಆಗಿರುವುದು ಇಷ್ಟು: ಮೊದಲು ಪಂಪು ಸ್ವಲ್ಪ ಸುಸ್ತಾಗಿದ್ದರೂ ಇಸಿಯು ಹೇಗೋ ಸಂಭಾಳಿಸಿಕೊಂಡು ಹೋಗುತ್ತಿತ್ತು. ಈಗ ಆ ಸಂಭಾಳಿಸುವ ಜಾಗವನ್ನು ಎಥನಾಲ್ ಒಂದಷ್ಟು ತಿಂದುಬಿಟ್ಟಿದೆ. ಟ್ಯಾಂಕಿನ ತಳದ ಹಳೇ ಕೊಳೆ ಸಡಿಲವಾಗಿ ಜಾಲರಿಗೆ ಬಂದು ಕೂರುವುದಕ್ಕೂ ಅದು ಕಾರಣ ಆಗಬಹುದು. ಏನೂ ಮಾಡಕ್ಕಾಗಲ್ಲ ಅನ್ನುವುದು ಮಾತ್ರ ಸೋಮಾರಿತನ.

ಈಗಿನ ಮಟ್ಟಿಗೆ ಓಡಿಸಬಹುದಾ ಅಂತ ಕೇಳುತ್ತೀರಿ. ದೀಪ ಸುಮ್ನೆ ಹೊತ್ತಿಕೊಂಡಿದ್ದರೆ, ಊರೊಳಗೆ ಓಡಿಸಿ. ಘಾಟಿಯಲ್ಲಿ ಎಳೆದಾಡಬೇಡಿ, ಗೇರು ಇಳಿಸಿ ನಿಧಾನ ಹತ್ತಿ. ಭಾರದಲ್ಲಿ ತೆಳು ಮಿಶ್ರಣದಿಂದ ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ, ಕಟಕಟ ಅಂತ ಹೊಡೆದುಕೊಳ್ಳುತ್ತದೆ, ವಾಲ್ವ್‌ಗಳಿಗೂ ಒಳ್ಳೆಯದಲ್ಲ. ದೀಪ ಮಿಣಿಮಿಣಿ ಅಂತ ಮಿನುಗಿದರೆ ಕಥೆ ಬೇರೆ. ಅದು ಮಿಸ್‌ಫೈರ್, ಸುಡದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿದೆ ಅಂತ. ಆಗ ಪಕ್ಕಕ್ಕೆ ನಿಲ್ಲಿಸಿ. ಇವತ್ತು ಸುಮ್ಮನೆ ಬದಲಿಸಲು ಹೊರಟ ಕನ್ವರ್ಟರನ್ನು ಆಗ ನಿಜವಾಗಿಯೂ ಬದಲಿಸಬೇಕಾಗುತ್ತದೆ.

ಗ್ಯಾರೇಜಿನವರ ಹತ್ತಿರ ಜಗಳ ಬೇಡ. ಸಣ್ಣ ಊರು, ನಾಳೆ ಮತ್ತೆ ಅವರ ಹತ್ತಿರವೇ ಹೋಗಬೇಕು. ಮೂರು ಜಾಗದ ಅಂಕಿ, ಫ್ರೀಜ್ ಫ್ರೇಮಿನ ಫೋಟೋ ತೋರಿಸಿ, "ಅಣ್ಣಾ, ಪಾರ್ಟ್ ಏನೂ ಬೇಡ, ಪಂಪಿಗೆ ವೋಲ್ಟೇಜ್ ಎಷ್ಟು ಬರ್ತಿದೆ, ಪ್ರೆಶರ್ ಎಷ್ಟಿದೆ ನೋಡಿ ಹೇಳಿ, ನೋಡೋ ಲೇಬರ್ ಎಷ್ಟಾಗುತ್ತೋ ಕೊಡ್ತೀನಿ" ಅನ್ನಿ. ಕೊನೆಯ ಮಾತು ಮುಖ್ಯ. ನೋಡಿ ಹೇಳುವ ಕೆಲಸಕ್ಕೆ ನಾವು ದುಡ್ಡು ಕೊಡುವುದಿಲ್ಲ, ಪಾರ್ಟಿಗೆ ಮಾತ್ರ ಕೊಡುತ್ತೇವೆ. ಹಾಗಿದ್ದ ಮೇಲೆ ಅವರೂ ಪಾರ್ಟನ್ನೇ ಮಾರುತ್ತಾರೆ.

ತಪ್ಪು ಸಿಕ್ಕಿ ಸರಿ ಮಾಡಿದ ಮೇಲೆ ಒಂದು ಸಲ ಕ್ಲಿಯರ್ ಮಾಡಿಸಿ, ಹಳೇ ಟ್ರಿಮ್ ಹೋಗಲಿ. ಮಾಡಿಸದಿದ್ದರೂ ನಿಜವಾಗಿ ಸರಿಹೋಗಿದ್ದರೆ ತಪ್ಪಿಲ್ಲದ ಮೂರು ಓಡಾಟಕ್ಕೆ ದೀಪ ತಾನೇ ಹೋಗುತ್ತದೆ, ಕೋಡು ಇನ್ನೊಂದು ನಲವತ್ತು ಸಲ ಇಂಜಿನ್ ಬಿಸಿಯಾಗುವವರೆಗೆ ನೆನಪಲ್ಲಿರುತ್ತದೆ. ಆದರೆ ದೀಪ ಹೋಯಿತು ಅಂತ ಈ ಸಲ ಸಮಾಧಾನ ಮಾಡಿಕೊಳ್ಳಬೇಡಿ. ಎರಡು ಸಲ ಘಾಟಿ ಹತ್ತಿ, ಎರಡು ಸಲವೂ ರೆಕಾರ್ಡ್ ಮಾಡಿ. ಶಾರ್ಟ್, ಲಾಂಗ್ ಎರಡೂ ಕೂಡಿಸಿ ಹತ್ತರೊಳಗೆ ನಿಂತರೆ ಮುಗಿಯಿತು, ಅಡಾಪ್ಟರ್ ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಹಾಕಿ. ಮತ್ತೆ ಹದಿನೈದು ದಾಟಿದರೆ, ದೀಪ ಹೊತ್ತುವ ತನಕ ಕಾಯದೆ, ಹಳೇ ಅಂಕಿ, ಹೊಸ ಅಂಕಿ, ಉಡುಪಿ ಮತ್ತು ತೀರ್ಥಹಳ್ಳಿಯ ಮ್ಯಾಪ್ ಲೆಕ್ಕ, ಪಂಪಿನ ವೋಲ್ಟೇಜ್, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಕಳಿಸಿ.